ಡಾರ್ವಿನ್ನನ ಬಾರ್ನಕಲ್ ಸಂಪುಟಗಳು: ಬರೆದದ್ದು, ಬರೆಯದೆ ಬಿಟ್ಟದ್ದು

ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಬಾರ್ನಕಲ್ ಕೊಯ್ಯುತ್ತ ಕೂತಿದ್ದ ಎಂಬುದನ್ನು ಅವನ ಬಗ್ಗೆ ಬರೆಯುವವರೆಲ್ಲ ಒಂದು ತಮಾಷೆಯ ಸಂಗತಿಯಂತೆ ಹೇಳಿ ಮುಂದೆ ಹೋಗುತ್ತಾರೆ. ಆ ಕೆಲಸದಿಂದ ಹುಟ್ಟಿದ ನಾಲ್ಕು ಸಂಪುಟಗಳನ್ನು (1851–54) ತೆರೆದು ನೋಡುವವರು ಕಡಿಮೆ. ಪ್ರಕೃತಿಯನ್ನೆಲ್ಲ ಪಟ್ಟಿ ಮಾಡಿಯೇ ತೀರಬೇಕೆಂದು ಹೊರಟಿದ್ದ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಇಂಥ ಪುಸ್ತಕಗಳಿಗೆ ಬರವಿರಲಿಲ್ಲ. ಅವುಗಳಲ್ಲಿ ಬಹುಪಾಲು ಈಗ ಯಾರಿಗೂ ಬೇಡ. ಇವು ಮಾತ್ರ ಇಂದಿಗೂ ಓದಿಗೆ ಒದಗುತ್ತವೆ.

ಬಾರ್ನಕಲ್ ಎಂದರೆ ಕಡಲಿನ ಬಂಡೆಗೋ ಹಡಗಿನ ತಳಕ್ಕೋ ಕಚ್ಚಿಕೊಂಡು ಬದುಕುವ ಚಿಪ್ಪುಜೀವಿ. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕುವಿಯೇ ಅದನ್ನು ಮೃದ್ವಂಗಿಗಳ ಸಾಲಿಗೆ ಸೇರಿಸಿದ್ದ. ಅದರ ಮರಿ ಈಜಾಡುವ ಹಂತದಲ್ಲಿ ಏಡಿ, ಸೀಗಡಿಗಳ ಬಳಗದ್ದೆಂದು ಜಾನ್ ವಾನ್ ಥಾಮ್ಸನ್ 1830ರಲ್ಲಿ ತೋರಿಸಿದ ಮೇಲೆ ಹಳೆಯ ವರ್ಗೀಕರಣ ಬುಡಮೇಲಾಯಿತು. ಡಾರ್ವಿನ್ ಹೊರಟದ್ದು ಚಿಲಿಯ ಕರಾವಳಿಯಿಂದ 1835ರಲ್ಲಿ ತಂದಿದ್ದ, ಶಂಖದ ಚಿಪ್ಪನ್ನು ಕೊರೆದು ಅದರೊಳಗೇ ವಾಸಿಸುವ ಒಂದು ಪುಟ್ಟ ಪ್ರಾಣಿಯನ್ನು ವರ್ಣಿಸಲು. ಅದನ್ನು ಹೋಲಿಸಿ ನೋಡಲು ಇನ್ನೊಂದು ಬೇಕಾಯಿತು, ಅದಕ್ಕೆ ಮತ್ತೊಂದು. ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹವನ್ನೇ ಎರವಲು ಕೊಟ್ಟಿತು, ಚಿಪ್ಪು ಸಂಗ್ರಾಹಕ ಹ್ಯೂ ಕ್ಯೂಮಿಂಗ್ ತನ್ನದನ್ನು ಕೊಟ್ಟ. ಚಿಪ್ಪಿನ ಹೊರಮೈ ನೋಡಿ ಹೆಸರಿಡುವ ರೂಢಿಯನ್ನು ಬಿಟ್ಟು ಡಾರ್ವಿನ್ ಒಳಗಿನ ಪ್ರಾಣಿಯನ್ನು ಕೊಯ್ದು ನೋಡಿದ. ಪುಸ್ತಕದ ಬೆಲೆ ಇರುವುದು ಅಲ್ಲಿ.

ಇಬ್ಲಾ ಎಂಬ ಕುಲದ ಪುಟಗಳನ್ನೇ ನೋಡಿ. ಬಾರ್ನಕಲ್‌ಗಳಲ್ಲಿ ಹೆಚ್ಚಿನವು ದ್ವಿಲಿಂಗಿಗಳು, ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ. ಆದರೆ ಫಿಲಿಪ್ಪೀನ್ಸ್‌ನಿಂದ ಬಂದ ಇಬ್ಲಾದಲ್ಲಿ ಡಾರ್ವಿನ್ನನಿಗೆ ಬರೀ ಹೆಣ್ಣೇ ಕಂಡಿತು. ಅದರ ಚೀಲದೊಳಗೆ ಹುಳುವಿನಂಥದ್ದೇನೋ ನೆಟ್ಟುಕೊಂಡಿತ್ತು. ಪರೋಪಜೀವಿಯೆಂದು ತಳ್ಳಿಹಾಕಬಹುದಾಗಿದ್ದ ಆ ಚೂರು, ಚಿಪ್ಪಿಲ್ಲದ, ಸವೆದುಹೋದ ಗಂಡು. ಅದೇ ಕುಲದ ಇನ್ನೊಂದು ಪ್ರಭೇದದಲ್ಲಿ ದ್ವಿಲಿಂಗಿಯ ಮೈಗೂ ಇಂಥದೇ ಪುಟ್ಟ ಗಂಡು ಅಂಟಿಕೊಂಡಿತ್ತು, ಅದರ ಅಗತ್ಯವೇ ಇಲ್ಲದಿದ್ದರೂ. ದ್ವಿಲಿಂಗಿಯಿಂದ ಗಂಡು ಹೆಣ್ಣು ಬೇರೆಯಾಗುವ ದಾರಿಯ ನಡುವಿನ ಮೆಟ್ಟಿಲುಗಳು ಹೀಗೆ ಒಂದೇ ಕುಲದಲ್ಲಿ ಉಳಿದುಬಂದಿವೆ.

ಪುಸ್ತಕದ ದೊಡ್ಡ ಕೊರತೆಯೂ ಇದೇ ಪುಟಗಳಲ್ಲಿದೆ. ತನ್ನ ಪ್ರಭೇದ ಸಿದ್ಧಾಂತ ಇಲ್ಲದಿದ್ದರೆ ಈ ಗಂಡುಗಳ ಗುಟ್ಟು ತನಗೆ ಹೊಳೆಯುತ್ತಲೇ ಇರಲಿಲ್ಲವೆಂದು ಡಾರ್ವಿನ್ 1848ರಲ್ಲಿ ಗೆಳೆಯ ಹೂಕರನಿಗೆ ಪತ್ರದಲ್ಲಿ ತಿಳಿಸಿದ್ದ. ಸಂಪುಟದಲ್ಲಿ ಆ ಸುದ್ದಿಯೇ ಇಲ್ಲ. ಜೀವವಿಕಾಸದ ಬಗ್ಗೆ 1844ರಲ್ಲೇ ಬರೆದ ದೀರ್ಘ ಹಸ್ತಪ್ರತಿ ಅವನ ಮನೆಯಲ್ಲಿತ್ತು. ಕ್ಯಾಟಲಾಗಿನಲ್ಲಿ ಸಿದ್ಧಾಂತಕ್ಕೇನು ಕೆಲಸ ಎಂದು ಅವನ ಪರವಾಗಿ ವಾದಿಸಬಹುದು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಕಂಡದ್ದನ್ನು ಇಷ್ಟು ನಿಷ್ಠೆಯಿಂದ ದಾಖಲಿಸಿದವನು, ಅದನ್ನು ಕಾಣಿಸಿಕೊಟ್ಟ ವಿಚಾರವನ್ನು ಓದುಗನಿಂದ ಮುಚ್ಚಿಟ್ಟ.

ಪಳೆಯುಳಿಕೆಗಳ ಎರಡು ಸಂಪುಟಗಳು ತೆಳ್ಳಗಿವೆ. ಜೀವಂತ ಪ್ರಭೇದಗಳಿಗೆ ಸಾವಿರಕ್ಕೂ ಹೆಚ್ಚು ಪುಟ ಸಂದರೆ ಇವಕ್ಕೆ ಸಿಕ್ಕಿದ್ದು ಕ್ರಮವಾಗಿ 88 ಮತ್ತು 44. ಸತ್ತ ಬಾರ್ನಕಲ್‌ನ ಮೈ ಕೊಳೆತು ಚಿಪ್ಪಿನ ಫಲಕಗಳು ಚೆದುರಿಹೋಗುತ್ತವೆ, ಬಂಡೆಯಲ್ಲಿ ಸಿಗುವುದು ಬಿಡಿ ಫಲಕ. ಅದರ ಗೀರು, ಅಂಚು ನೋಡಿ ಪ್ರಭೇದ ಹೇಳಬೇಕು. ಜೀವಂತ ಬಾರ್ನಕಲ್‌ಗಳ ಚಿಪ್ಪನ್ನು ನೆಚ್ಚಬಾರದು, ಅದು ಒಂದೊಂದರಲ್ಲೂ ಬದಲಾಗುತ್ತದೆ ಎಂದು ತೋರಿಸಿದವನೇ ಇಲ್ಲಿ ಚಿಪ್ಪನ್ನೇ ನೆಚ್ಚಬೇಕಾಯಿತು. ಬೇರೆ ದಾರಿ ಇರಲಿಲ್ಲ, ನಿಜ. ಆದರೂ ಇಲ್ಲಿನ ಹಲವು ಹೆಸರುಗಳ ಕಾಲಡಿಯ ನೆಲ ಗಟ್ಟಿಯಿಲ್ಲ.

ಇನ್ನೊಂದು ಎಡವಟ್ಟು ಹೆಚ್ಚು ಕುತೂಹಲದ್ದು. ತೊಟ್ಟಿಲ್ಲದೆ ನೇರವಾಗಿ ಬಂಡೆಗಂಟುವ ಬಾರ್ನಕಲ್‌ಗಳು ಹಳೆಯ ಶಿಲಾಪದರಗಳಲ್ಲಿ ಸಿಕ್ಕಿಲ್ಲವಾದ್ದರಿಂದ, ಆ ಗುಂಪು ಟರ್ಷಿಯರಿ ಯುಗದ ಆರಂಭದಲ್ಲಿ ಏಕಾಏಕಿ ಹುಟ್ಟಿತೆಂದು ಡಾರ್ವಿನ್ ಭಾವಿಸಿದ. ಪುಸ್ತಕ ಹೊರಬಂದ ಬೆನ್ನಿಗೇ ಬೊಸ್ಕೆ ಎಂಬ ವಿದ್ವಾಂಸ ಟರ್ಷಿಯರಿಗಿಂತ ಹಳೆಯದಾದ ಬೆಲ್ಜಿಯಂನ ಸೀಮೆಸುಣ್ಣದ ಪದರದಿಂದ ತಾನೇ ಕಿತ್ತು ತೆಗೆದ ಅಂಥದೊಂದರ ಚಿತ್ರ ಕಳಿಸಿದ! ‘ಪ್ರಭೇದಗಳ ಉಗಮ’ದಲ್ಲಿ, ಪಳೆಯುಳಿಕೆ ಸಿಗಲಿಲ್ಲವೆಂದ ಮಾತ್ರಕ್ಕೆ ಪ್ರಾಣಿಯೇ ಇರಲಿಲ್ಲ ಎನ್ನಬೇಡಿ ಎಂಬ ವಾದಕ್ಕೆ ಡಾರ್ವಿನ್ ತನ್ನ ಈ ತಪ್ಪನ್ನೇ ಉದಾಹರಣೆಯಾಗಿ ಕೊಟ್ಟ. ಬಾರ್ನಕಲ್ ಬಂಡೆಗೆ ಕಚ್ಚಿಕೊಳ್ಳಲು ಬಳಸುವ ಅಂಟಿನ ಗ್ರಂಥಿಗಳ ವಿಷಯದಲ್ಲೂ ಅವನು ದಾರಿ ತಪ್ಪಿದ್ದ. ಅದನ್ನು ತಿದ್ದಿದವನು ಕ್ರೋನ್ ಎಂಬ ಪ್ರಾಣಿಶಾಸ್ತ್ರಜ್ಞ.

ಇಷ್ಟು ಕಾಲ ಇದಕ್ಕೆ ಸುರಿದದ್ದು ಸಾರ್ಥಕವೇ ಎಂದು ಆತ್ಮಕಥೆಯಲ್ಲಿ ಡಾರ್ವಿನ್ ಅನುಮಾನಪಟ್ಟಿದ್ದಾನೆ. ಆ ಅನುಮಾನ ಅನಗತ್ಯ. ಪ್ರಭೇದ ಯಾವುದು, ಅದರೊಳಗಿನ ವ್ಯತ್ಯಾಸ ಯಾವುದು ಎಂದು ಗೆರೆ ಎಳೆಯಲು ಹೋಗಿ ಸೋತ ಅನುಭವವಿಲ್ಲದೆ 1859ರ ‘ಪ್ರಭೇದಗಳ ಉಗಮ’ಕ್ಕೆ ಅಷ್ಟು ಕಸುವು ಬರುತ್ತಿರಲಿಲ್ಲ. ನಾಲ್ಕೂ ಸಂಪುಟಗಳು ಡಾರ್ವಿನ್ ಆನ್‌ಲೈನ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಡೀ ಪುಸ್ತಕ ಓದುವ ಹಟ ಬೇಡ, 1851ರ ದೊಡ್ಡ ಸಂಪುಟದಲ್ಲಿ ಇಬ್ಲಾ ಭಾಗದಿಂದ ಶುರುಮಾಡಿ.