ಐದು ಗುಂಡಿ, ಆರು ತಂತಿ

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯ ಕಡೆ ಊರಿಗೊಂದು ಪೌರಾಣಿಕ ನಾಟಕ ನಿಶ್ಚಯವಾದರೆ, ನಾಟಕದ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದು ಕೂರುತ್ತಾರೆ. ಎದುರಿಗೆ ಕೂತವರಲ್ಲಿ ಹಾಡುಗಾರರು ಕಡಿಮೆ. ಹೊಲದ ಕೆಲಸ ಮುಗಿಸಿ ಬಂದವರು, ಟ್ರ್ಯಾಕ್ಟರ್ ಓಡಿಸುವವರು, ಅಂಗಡಿ ಬಾಗಿಲು ಹಾಕಿ ಬಂದವರು. ಅವರ ಕಣ್ಣಿರುವುದು ದುರ್ಯೋಧನನ ಕಿರೀಟದ ಮೇಲೆ, ಅರ್ಜುನನ ಬಿಲ್ಲಿನ ಮೇಲೆ. ಆ ಪಾತ್ರಕ್ಕಾಗಿ ಕೈಯಿಂದ ದುಡ್ಡು ಕೊಟ್ಟು, ರಾತ್ರಿ ನಿದ್ದೆಗೆಟ್ಟು, ತಿಂಗಳುಗಟ್ಟಲೆ ತಾಲೀಮಿನಲ್ಲಿ ಕೂತು ಶ್ರುತಿಗೆ ಗಂಟಲು ಹೊಂದಿಸಿಕೊಳ್ಳುತ್ತಾರೆ. ವೇಷದ ಆಸೆ ಅವರನ್ನು ಹಾಡಿನವರೆಗೆ ಕರೆತರುತ್ತದೆ. ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲೂ ಇದೇ ರೂಢಿ.

ಅಂಥದೇ ಆಸೆಯನ್ನು ಮನೆಯ ಟಿ.ವಿ. ಮುಂದೆ ತಂದಿಟ್ಟ ಆಟ ‘ಗಿಟಾರ್ ಹೀರೋ’. 2005ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಇದನ್ನು ಮಾಡಿದ್ದು ಹಾರ್ಮೋನಿಕ್ಸ್, ಮಾರಿದ್ದು ರೆಡ್‌ಆಕ್ಟೇನ್. ಕೈಗೆ ಬರುವುದು ಪ್ಲಾಸ್ಟಿಕ್ ಗಿಟಾರು. ಅದರ ಕುತ್ತಿಗೆಯ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿ, ತಂತಿಯ ಜಾಗದಲ್ಲಿ ಒಂದು ಪಟ್ಟಿ. ಪರದೆಯ ಮೇಲೆ ಬಣ್ಣದ ಬಿಲ್ಲೆಗಳು ಇಳಿದು ಬಂದಂತೆ ಅದೇ ಬಣ್ಣದ ಗುಂಡಿ ಒತ್ತಿ, ಕಾಲಕ್ಕೆ ಸರಿಯಾಗಿ ಪಟ್ಟಿಯನ್ನು ಮೀಟಬೇಕು. ಸರಿಯಾದರೆ ಮೊದಲೇ ಧ್ವನಿಮುದ್ರಣವಾದ ಗಿಟಾರು ಮೊಳಗುತ್ತದೆ, ತಪ್ಪಿದರೆ ಅಷ್ಟು ಹೊತ್ತು ಅದು ಅಡಗುತ್ತದೆ. ಚೆನ್ನಾಗಿ ಆಡಿದರೆ ಪರದೆಯೊಳಗಿನ ಜನ ಕೂಗಿ ಕುಣಿಯುತ್ತಾರೆ, ಕೆಟ್ಟದಾಗಿ ಆಡಿದರೆ ಛೀಮಾರಿ ಹಾಕುತ್ತಾರೆ. ನಾಟಕದ ಟೆಂಟಿನ ಹಿಂದಿನಿಂದ ಬರುವ ‘ಒನ್ಸ್ ಮೋರ್’ ಕೂಗಿನ ರುಚಿ ಕಂಡವರಿಗೆ ಈ ಆಟ ಯಾಕೆ ಅಷ್ಟು ಹಿಡಿಸಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಪ್ಲಾಸ್ಟಿಕ್ ಗಿಟಾರೇ ಒಂದು ಜಾಹೀರಾತು. ಮೊದಲ ಆಟದ ಗಿಟಾರು ಗಿಬ್ಸನ್ ಕಂಪನಿಯ ‘ಎಸ್‌ಜಿ’ ಮಾದರಿಯ ಪಡಿಯಚ್ಚು. 2007ರ ಮೂರನೇ ಆಟದ್ದು ಅದೇ ಕಂಪನಿಯ ‘ಲೆಸ್ ಪಾಲ್’. ಎದುರಾಳಿ ಆಟ ‘ರಾಕ್ ಬ್ಯಾಂಡ್’ ಫೆಂಡರ್ ಕಂಪನಿಯ ‘ಸ್ಟ್ರಾಟೋಕ್ಯಾಸ್ಟರ್’ ರೂಪ ತೊಟ್ಟು ಬಂತು. ಲಕ್ಷಾಂತರ ಹುಡುಗರು ನಿಜವಾದ ಗಿಟಾರನ್ನು ಮುಟ್ಟುವ ಮೊದಲೇ ಅದರ ಮೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೀಗಿದ್ದೂ ಗಿಬ್ಸನ್ 2008ರಲ್ಲಿ ತನ್ನ 1999ರ ಪೇಟೆಂಟ್ ಮುಂದಿಟ್ಟು ಆಟದವರ ಮೇಲೆ ವ್ಯಾಜ್ಯಕ್ಕೆ ನಿಂತಿತು, 2009ರಲ್ಲಿ ಸೋತಿತು. ಈ ಆಟಿಕೆ ತಮಗೆ ಗಿರಾಕಿ ತರುತ್ತದೋ ಇದ್ದ ಗಿರಾಕಿಯನ್ನು ಕಸಿಯುತ್ತದೋ ಎಂಬುದು ವಾದ್ಯ ಮಾಡುವವರಿಗೇ ಬಗೆಹರಿದಿರಲಿಲ್ಲವೆಂದು ಕಾಣುತ್ತದೆ.

ಆಟದ ಜಾಹೀರಾತು ಮಾತ್ರ ನೇರವಾಗಿತ್ತು. 2008ರ ‘ಗಿಟಾರ್ ಹೀರೋ ವರ್ಲ್ಡ್ ಟೂರ್’ ಜಾಹೀರಾತಿನಲ್ಲಿ ಕುಣಿದವರು ಈಜುಗಾರ ಮೈಕಲ್ ಫೆಲ್ಪ್ಸ್, ಬ್ಯಾಸ್ಕೆಟ್‌ಬಾಲ್‌ನ ಕೋಬಿ ಬ್ರಯಂಟ್, ಸ್ಕೇಟ್‌ಬೋರ್ಡಿನ ಟೋನಿ ಹಾಕ್, ಬೇಸ್‌ಬಾಲ್‌ನ ಅಲೆಕ್ಸ್ ರಾಡ್ರಿಗೆಜ್. ಅದರಲ್ಲೊಬ್ಬ ಗಿಟಾರ್ ವಾದಕನೂ ಇರಲಿಲ್ಲ. ವೇಷ ಹಾಕಿ, ಖುಷಿಪಡಿ ಎಂದಷ್ಟೇ ಅದು ಹೇಳಿತು, ಅಷ್ಟನ್ನು ಕೊಟ್ಟಿತು. ಎಡವಿದ್ದು ಅದರ ಬೆನ್ನಿಗೆ ನಿಜವಾದ ಗಿಟಾರು ಮಾರಲು ಬಂದ ಜಾಹೀರಾತುಗಳು.

2010ರ ‘ಪವರ್ ಗಿಗ್’ ಅಂಥ ಗಿಟಾರಿನ ಆಟಗಳಲ್ಲಿ ತೀರಾ ಸಪ್ಪೆ. ಮಕ್ಕಳಿಗೆ, ಹೊಸಬರಿಗೆ ಅಗ್ಗದ ವಾದ್ಯ ಮಾಡುವ ಫಸ್ಟ್ ಆ್ಯಕ್ಟ್ ಕಂಪನಿಯ ಬಳಗದಿಂದಲೇ ಬಂದ ಆಟವಿದು. ಪೆಟ್ಟಿಗೆಯಲ್ಲಿದ್ದದ್ದು ಆರು ತಂತಿಯ ನಿಜವಾದ ಎಲೆಕ್ಟ್ರಿಕ್ ಗಿಟಾರು. ಆದರೆ ಆಟ ಕೇಳುತ್ತಿದ್ದದ್ದು ಬಹುಮಟ್ಟಿಗೆ ಹಳೆಯ ಆಟದ ಬಣ್ಣಗಳನ್ನೇ. ಹುಡುಗನ ಬೆರಳಿಗೆ ತಂತಿಯ ನೋವು ಸಿಕ್ಕಿತು, ಸ್ವರ ಸಿಗಲಿಲ್ಲ. ಅದೇ ವರ್ಷದ ‘ರಾಕ್ ಬ್ಯಾಂಡ್ 3’ ಹೆಚ್ಚು ಪ್ರಾಮಾಣಿಕ. ಅದರ ‘ಪ್ರೊ’ ವಿಧಾನಕ್ಕೆ 102 ಗುಂಡಿಗಳ ಒಂದು ಗಿಟಾರು, ಬೆರಳು ಎಲ್ಲಿದೆ ಎಂದು ಪತ್ತೆ ಮಾಡುವ ನಿಜವಾದ ಸ್ಕ್ವಯರ್ ಗಿಟಾರು ಒಂದು. ಎರಡನೆಯದು ಅಂಗಡಿಗೆ ಬಂದದ್ದು 2011ರ ಮಾರ್ಚಿನಲ್ಲಿ, ಸುಮಾರು 280 ಡಾಲರಿಗೆ. ಹಿಂದಿನ ತಿಂಗಳಷ್ಟೇ, ರೆಡ್‌ಆಕ್ಟೇನನ್ನು ಕೊಂಡಿದ್ದ ಆ್ಯಕ್ಟಿವಿಷನ್ ತನ್ನ ಗಿಟಾರ್ ಹೀರೋ ವಿಭಾಗವನ್ನು ಮುಚ್ಚಿತ್ತು. ಜಾತ್ರೆ ಮುಗಿದ ಮೇಲೆ ತೇರು ಬಂದಂತಾಯಿತು.

ಅದೇ 2011ರ ಅಕ್ಟೋಬರಿನಲ್ಲಿ ಯೂಬಿಸಾಫ್ಟ್ ‘ರಾಕ್‌ಸ್ಮಿತ್’ ಬಿಡುಗಡೆ ಮಾಡಿತು. ರಾಕ್‌ಸ್ಮಿತ್ ಈ ಸಾಲಿನಲ್ಲೇ ಮೇಲಾದ ಪ್ರಯತ್ನ. ಮನೆಯಲ್ಲಿರುವ ಯಾವುದೇ ಎಲೆಕ್ಟ್ರಿಕ್ ಗಿಟಾರನ್ನು ಒಂದು ಕೇಬಲ್ಲಿನಿಂದ ಯಂತ್ರಕ್ಕೆ ಸೇರಿಸಿದರೆ ಸಾಕು. ಗಿಟಾರಿಲ್ಲದವರಿಗೆ ಎಪಿಫೋನ್ ಗಿಟಾರನ್ನೂ ಜೊತೆಗೆ ಮಾರಿದರು. ಮೊದಮೊದಲು ಹಾಡಿನ ಒಂದೊಂದೇ ಸ್ವರ ಕೊಡುತ್ತದೆ, ಕೈ ಕೂತಂತೆ ಸ್ವರ ತುಂಬುತ್ತಾ ಹೋಗುತ್ತದೆ, ತಪ್ಪಿದರೆ ಮತ್ತೆ ಇಳಿಸುತ್ತದೆ. ನಾಟಕದ ಮೇಷ್ಟ್ರು ಪದದ ಒಂದು ಸಾಲು ಕೊಟ್ಟು, ಅದು ಬಾಯಿಗೆ ಕೂತ ಮೇಲೆ ಇನ್ನೊಂದಕ್ಕೆ ಹೋಗುವ ಕ್ರಮವೇ ಇದು. ಇಷ್ಟು ಒಳ್ಳೆಯ ಆಟಕ್ಕೆ ‘ಗಿಟಾರ್ ಕಲಿಯುವ ಅತಿ ವೇಗದ ದಾರಿ’ ಎಂಬ ಘೋಷಣೆ ಬೇಕಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ 60 ದಿನಗಳ ಸವಾಲೂ ಸೇರಿಕೊಂಡಿತು. ಕಲಿಯುವವನಿಗೆ ದಿನ ಎಣಿಸುವ ಚಟ ಹತ್ತಿಸಿದರೆ, 61ನೆಯ ದಿನ ತಾನೇ ದಡ್ಡನೆಂದು ಅವನಿಗೆ ಅನ್ನಿಸುತ್ತದೆ.

ಜಾಹೀರಾತು ಮುಚ್ಚಿಡುವುದು ಏನನ್ನು? ಉಕ್ಕಿನ ತಂತಿ ಬೆರಳ ತುದಿಯನ್ನು ಕೊರೆಯುವುದನ್ನು. ತುದಿ ಜಡ್ಡುಗಟ್ಟುವವರೆಗೆ ವಾರಗಟ್ಟಲೆ ಉರಿಯುವುದನ್ನು. ತೋರುಬೆರಳೊಂದರಿಂದಲೇ ಆರೂ ತಂತಿ ಅದುಮಬೇಕಾದ ‘ಎಫ್’ ಎಂಬ ಸ್ವರಗುಚ್ಛ (ಕಾರ್ಡ್) ಎಷ್ಟು ಜನರನ್ನು ಮನೆಯ ಮೂಲೆಗೆ ಗಿಟಾರು ಒರಗಿಸುವಂತೆ ಮಾಡಿದೆಯೆಂಬುದನ್ನು. ಹೊಸ ತಂತಿ ದಿನಕ್ಕೆರಡು ಸಲ ಶ್ರುತಿ ಬಿಡುವುದನ್ನು. ಎಲ್ಲಕ್ಕಿಂತ ಮುಖ್ಯವಾಗಿ, ಆಟದಲ್ಲಿ ತಪ್ಪಿದರೆ ಮೌನ, ಗಿಟಾರಿನಲ್ಲಿ ತಪ್ಪಿದರೆ ಸದ್ದು. ಮನೆಯವರಿಗೂ ಪಕ್ಕದ ಮನೆಗೂ ಕೇಳುವ ಸದ್ದು. ಫೆಂಡರಿನ ಮುಖ್ಯಸ್ಥರಾಗಿದ್ದ ಆ್ಯಂಡಿ ಮೂನಿ, ಹೊಸದಾಗಿ ಗಿಟಾರು ಹಿಡಿದವರಲ್ಲಿ ಶೇ. 90ರಷ್ಟು ಮಂದಿ ಮೊದಲ ವರ್ಷದಲ್ಲೇ ಬಿಡುತ್ತಾರೆಂದು ಬಹಿರಂಗವಾಗಿಯೇ ಹೇಳಿದ್ದರು. 2017ರಲ್ಲಿ ಕಂಪನಿ ‘ಫೆಂಡರ್ ಪ್ಲೇ’ ಎಂಬ ಪಾಠದ ಆ್ಯಪ್ ತೆರೆದದ್ದು ಈ ಸೋರಿಕೆ ತಡೆಯಲೆಂದೇ. ಮಾರುವವರಿಗೆ ಸತ್ಯ ಗೊತ್ತು. ಅದು ಪೆಟ್ಟಿಗೆಯ ಮೇಲೆ ಅಚ್ಚಾಗಿಲ್ಲ, ಅಷ್ಟೆ.

ಆಟವನ್ನು ಹಳಿಯುವ ಅಗತ್ಯವಿಲ್ಲ. ಅದು ಕಾಲಪ್ರಮಾಣ ಕಲಿಸುತ್ತದೆ. ಹತ್ತು ವಾದ್ಯಗಳ ಗದ್ದಲದಲ್ಲಿ ಒಂದನ್ನು ಹಿಂಬಾಲಿಸುವ ಕಿವಿ ಕೊಡುತ್ತದೆ. ಅದಕ್ಕೂ ಮಿಗಿಲಾಗಿ ಆಸೆ ಹುಟ್ಟಿಸುತ್ತದೆ, ಮತ್ತು ಆ ಆಸೆ ಸುಳ್ಳಲ್ಲ.

ಶಿರಾ, ಪಾವಗಡದ ಹುಡುಗ ಹುಡುಗಿಯರ ಕೈಯಲ್ಲಿ ಪ್ಲಾಸ್ಟಿಕ್ ಗಿಟಾರಿಲ್ಲ, ಮೊಬೈಲಿದೆ. ಅದರಲ್ಲಿ ವಿಯೆಟ್ನಾಮಿನ ಅಮನೋಟ್ಸ್ ಕಂಪನಿಯ ‘ಮ್ಯಾಜಿಕ್ ಟೈಲ್ಸ್ 3’ ಥರದ ಆಟಗಳು: ಮೇಲಿಂದ ಜಾರುವ ಕಪ್ಪು ಬಿಲ್ಲೆಗಳನ್ನು ತಾಳಕ್ಕೆ ಸರಿಯಾಗಿ ಮುಟ್ಟುವುದು, ಹಾಡು ಮುಗಿದರೆ ಒಂದು ಜಾಹೀರಾತು ನೋಡುವುದು. ಆನ್‌ಲೈನ್ ಅಂಗಡಿಯಲ್ಲಿ 38 ಇಂಚಿನ ಗಿಟಾರಿಗೆ ಚೀಲ, ಪಟ್ಟಿ, ಪಿಕ್ಕು, ಬಿಡಿ ತಂತಿ ಎಲ್ಲ ಸೇರಿ ಒಂದೇ ಕಟ್ಟು. ಹಳ್ಳಿಯ ಬಾಗಿಲಿಗೇ ಅದು ಬಂದಿಳಿಯುತ್ತದೆ. ಇಳಿದ ಮೇಲೆ ಶ್ರುತಿ ಮಾಡಿಕೊಡುವವರು ಯಾರು? ತಂತಿ ಮರದಿಂದ ಎತ್ತರದಲ್ಲಿದ್ದರೆ ಎಳೆಯ ಬೆರಳು ಎಷ್ಟು ಒತ್ತಿದರೂ ಸ್ವರ ಹುಟ್ಟುವುದಿಲ್ಲ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಮರವೂ ಬಾಗುತ್ತದೆ. ಅದನ್ನು ಸರಿಪಡಿಸಬಹುದೆಂದೇ ತಿಳಿಯದ ಮಗು, ತನ್ನ ಕೈಯೇ ಸರಿಯಿಲ್ಲವೆಂದು ತಿಳಿಯುತ್ತದೆ. ಈ ಮಾರಾಟದ ದೊಡ್ಡ ಅನ್ಯಾಯ ಇದೇ.

ಪರದೇಶದ ವಾದ್ಯ ಈ ಸೀಮೆಗೆ ಹೊಸದೇನಲ್ಲ. ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸಿನಲ್ಲಿ. 1842ರಲ್ಲಿ ಅಲೆಕ್ಸಾಂಡ್ರ್ ದೆಬೆನ್ ಅದಕ್ಕೆ ಪೇಟೆಂಟ್ ಪಡೆದ. ಕೋಲ್ಕತ್ತದಲ್ಲಿ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ನುಡಿಸುವಂತೆ ಮಾಡಿದರು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತು. ಆದರೂ ತುಮಕೂರು ಸೀಮೆಯಲ್ಲಿ ಅದು ಊರೂರಿನದಾಯಿತು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ಮೇಳಗಳು ರಂಗಗೀತೆಯನ್ನು ಜನರ ಬಾಯಿಗೆ ತಂದವು, ಪೆಟ್ಟಿಗೆಯ ಹಿಂದೆ ಒಬ್ಬ ಮೇಷ್ಟ್ರು ಬಂದರು, ನಾಟಕದ ದಿನ ಗೊತ್ತಾಗಿರುತ್ತಿತ್ತು. ಕಾಡುಗೊಲ್ಲರ ಗಣೆಯದೂ ಇಂಥದೇ ಮಾತು. ಅವರ ದೈವ ಜುಂಜಪ್ಪನ ಕಥೆಯ ಜೊತೆ ನುಡಿಯುವ ಆ ಉದ್ದನೆಯ ಬಿದಿರ ಕೊಳಲಿಗೆ ಯಾರೂ ಜಾಹೀರಾತು ಕೊಟ್ಟಿಲ್ಲ. ಊದುವವನ ಪಕ್ಕ ಕೂತವನಿಗೆ ಅದು ಬರುತ್ತದೆ.

ಗಿಟಾರಿನ ಜಾಹೀರಾತಿನಲ್ಲಿ ಹುಡುಗ ಯಾವಾಗಲೂ ಒಬ್ಬನೇ ಇರುತ್ತಾನೆ: ಕೋಣೆ, ಪರದೆ, ಹೊಳೆಯುವ ಗಿಟಾರು. ಮುಂದಿನ ಚಿತ್ರದಲ್ಲಿ ಸಾವಿರಾರು ಜನರ ವೇದಿಕೆ. ನಡುವಿನ ಊರು ಅದರಲ್ಲಿಲ್ಲ. ಮಧುಗಿರಿಯಲ್ಲೋ ಕೊರಟಗೆರೆಯಲ್ಲೋ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಕಟ್ಟುತ್ತಾರೆ. ಕೀಬೋರ್ಡು, ರಿದಂ ಪ್ಯಾಡು, ಇಬ್ಬರು ಮೂವರು ಹಾಡುಗಾರರು. ಮೊಬೈಲಿನಲ್ಲಿ ಬಿಲ್ಲೆ ಮುಟ್ಟಿ ತಾಳ ಪಳಗಿಸಿಕೊಂಡ ಹುಡುಗಿ ನಾಲ್ಕು ಕಾರ್ಡು ಕಲಿತರೆ ಕೀಬೋರ್ಡಿನವನ ಪಕ್ಕ ನಿಂತು ಎರಡು ಹಾಡಿಗೆ ಜೊತೆ ಕೊಡಬಹುದು. ‘ಎಫ್’ ಬರದಿದ್ದರೆ ಆತ ಶ್ರುತಿ ಬದಲಿಸಿಕೊಳ್ಳುತ್ತಾನೆ. ಅವನ ಪೆಟ್ಟಿಗೆಯಲ್ಲಿ ಅದಕ್ಕೊಂದು ಗುಂಡಿ ಇದೆ.