ಚೋಮನಿಗೆ ಬೇಕಾಗಿದ್ದುದು ಸಾಲವೇ?

ಒಂದೊಂದು ಕಾಲದ ಧಣಿಗಳು ತಮ್ಮ ಕಾಲಕ್ಕೆ ತಕ್ಕ ಭಾಷೆ ಕಟ್ಟಿಕೊಳ್ಳುತ್ತಾರೆ. ಜೀತಕ್ಕಿಟ್ಟುಕೊಂಡವನು ‘ಮನೆ ಮಗನ್ ಹಂಗೆ ಸಾಕಿದೀನಿ’ ಅಂತಿದ್ದ. ಇವತ್ತಿನ ಮೈಕ್ರೋಫೈನಾನ್ಸ್ ಯೋಜನಾ ವರದಿಗಳು ‘ಸಬಲೀಕರಣ’ ಅನ್ನುತ್ತವೆ. ನಮ್ಮ ಕೇರಿಗಳನ್ನು ‘ಬೆಳೆಯುತ್ತಿರುವ ಮಾರುಕಟ್ಟೆ’ ಎಂದು ಕರೆಯುತ್ತವೆ. ನೀರು, ಗುಡಿ, ಹೋಟೆಲಿನ ಲೋಟ ಯಾವುದರಲ್ಲೂ ಪಾಲು ಸಿಗದಿದ್ದ ಕೇರಿ, ಬಡ್ಡಿಯ ಲೆಕ್ಕಕ್ಕೆ ಮಾತ್ರ ಇದ್ದಕ್ಕಿದ್ದ ಹಾಗೆ ಊರೊಳಗೆ ಸೇರಿಬಿಟ್ಟಿತು! ಕಾದಂಬರಿಯನ್ನು ಓದುವ ಹಾಗೇ ಈ ವರದಿಗಳನ್ನೂ ಓದಬೇಕು. ಇಲ್ಲಿ ಮಾತಾಡುವವರು ಯಾರು, ಬಾಯಿಲ್ಲದೆ ನಿಂತವರು ಯಾರು?

1933ರ ‘ಚೋಮನ ದುಡಿ’ಯನ್ನು ಪಕ್ಕದಲ್ಲಿಟ್ಟುಕೊಳ್ಳೋಣ. ಚೋಮನಿಗೆ ಎತ್ತುಗಳಿದ್ದವು, ಉಳಲು ಹೊಲವಿರಲಿಲ್ಲ. ಅವನ ಜಾತಿಗೆ ಬೇಸಾಯ ಸಲ್ಲದು ಎಂಬುದು ಊರಿನ ತೀರ್ಮಾನ. ಅವನಿಗೆ ಸಿಕ್ಕಿದ್ದು ಕಾಫಿ ತೋಟದ ಸಾಲ. ಅದನ್ನು ತೀರಿಸಲು ಗಟ್ಟ ಹತ್ತಿದ ಮಗ ಚನಿಯ ಜ್ವರದಲ್ಲಿ ಸತ್ತ. ಕೊನೆಗೆ ಪುಸ್ತಕದಲ್ಲಿ ಸಾಲ ವಜಾ ಆಯಿತು, ಅದಕ್ಕೆ ಬೆಲೆ ತೆತ್ತವಳು ಮಗಳು ಬೆಳ್ಳಿ. ಕಾರಂತರದು ಹೊರಗಿನ ಕಣ್ಣು, ಚೋಮನನ್ನು ತಿರುಗಿ ನಿಲ್ಲಿಸದ ಕಣ್ಣು ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೂ ಒಂದು ನಿಜವನ್ನು ಆ ಕಾದಂಬರಿ ಬಚ್ಚಿಡಲಿಲ್ಲ. ಚೋಮ ಕೇಳಿದ್ದು ಹೊಲ, ಕೊಟ್ಟವರು ಕೊಟ್ಟದ್ದು ಸಾಲ. ಇವತ್ತಿನ ಯೋಜನಾ ವರದಿಯಲ್ಲಿ ಇಷ್ಟು ನಿಜವೂ ಇಲ್ಲ. ಅಲ್ಲಿ ಚೋಮ ‘ಗ್ರಾಹಕ’ನಾಗಿದ್ದಾನೆ; ಹೊಲದ ಮಾತೇ ಎದ್ದಿಲ್ಲ.

ಈ ವ್ಯವಹಾರಕ್ಕೆ ನಮ್ಮ ಬೆಂಗಳೂರೇ ಒಂದು ದೊಡ್ಡ ಠಾಣ್ಯ. ಬಾಂಗ್ಲಾದೇಶದಲ್ಲಿ ಮಹಮ್ಮದ್ ಯೂನುಸ್ 1983ರಲ್ಲಿ ಗ್ರಾಮೀಣ ಬ್ಯಾಂಕ್ ಕಟ್ಟಿದರು. ಅದೇ ಮಾದರಿಯಲ್ಲಿ 1999ರಲ್ಲಿ ಬೆಂಗಳೂರಿನ ಅಂಚಿನ ಆವಲಹಳ್ಳಿಯಲ್ಲಿ ಒಂದು ಟ್ರಸ್ಟಿನ ಕೆಲಸವಾಗಿ ‘ಗ್ರಾಮೀಣ ಕೂಟ’ ಶುರುವಾಯಿತು. 2005ರಲ್ಲಿ ‘ಉಜ್ಜೀವನ್’ ಬಂತು. ಟ್ರಸ್ಟು ಕಂಪನಿಯಾಯಿತು, 2018ರಲ್ಲಿ ಕಂಪನಿ ಶೇರುಪೇಟೆಗೆ ಇಳಿಯಿತು. ಕೂಲಿ ಹೆಂಗಸು ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ಕಂತು ಮುಂಬಯಿಯ ಲಾಭಾಂಶದ ಲೆಕ್ಕ ಸೇರಿತು.

ಇದರ ಯಂತ್ರ ಸರಳ. ಐದೋ ಹತ್ತೋ ಹೆಂಗಸರ ಗುಂಪು, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಡಮಾನ ಬೇಡ ಎನ್ನುತ್ತಾರೆ. ಸುಳ್ಳು. ಮಾನವೇ ಇಲ್ಲಿ ಅಡಮಾನ. ವಸೂಲಿಗೆ ಧಣಿಯ ಆಳು ಬರಬೇಕಿಲ್ಲ, ಪಕ್ಕದ ಮನೆಯ ಅಕ್ಕನೇ ಬಾಗಿಲಲ್ಲಿ ಕೂರುವಂತೆ ಮಾಡಿದ್ದಾರೆ. ಬಡ್ಡಿಯದೂ ಇಂಥದೇ ಕರಾಮತ್ತು. 10,000 ರೂಪಾಯಿಗೆ ವರ್ಷಕ್ಕೆ 1,200 ಬಡ್ಡಿ ಅಂದರೆ ನೂರಕ್ಕೆ 12 ಅನ್ನಿಸುತ್ತದೆ. ವಾರವಾರ ಅಸಲು ತೀರುತ್ತಾ ಹೋಗುವುದರಿಂದ ಅವಳ ಕೈಯಲ್ಲಿ ವರ್ಷವಿಡೀ ಉಳಿಯೋದು ಸರಾಸರಿ ಅರ್ಧ ದುಡ್ಡು. ನಿಜವಾದ ಬಡ್ಡಿ ಹೆಚ್ಚುಕಡಿಮೆ ಎರಡು ಪಟ್ಟು.

ಯಂತ್ರ ಕೆಟ್ಟಾಗ ಮಾತ್ರ ಸರ್ಕಾರಕ್ಕೆ ಎಚ್ಚರವಾಗುತ್ತದೆ. 2009ರಲ್ಲಿ ಕೋಲಾರದಲ್ಲಿ ರೇಷ್ಮೆ, ಬೀಡಿ ಕೆಲಸದ ಹೆಂಗಸರ ಕಂತು ನಿಂತಿತು. 2010ರಲ್ಲಿ ಆಂಧ್ರದಲ್ಲಿ ಆತ್ಮಹತ್ಯೆಗಳ ನಂತರ ಸುಗ್ರೀವಾಜ್ಞೆ ಬಂತು. ಮಾಲೇಗಾಂ ಸಮಿತಿ ಬಡ್ಡಿಗೆ ಮಿತಿ ಹಾಕಿಸಿತು. 2022ರಲ್ಲಿ ರಿಸರ್ವ್ ಬ್ಯಾಂಕ್ ಆ ಮಿತಿಯನ್ನು ತೆಗೆದುಹಾಕಿತು. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರದ ಕಡೆ ಸಾಲಕ್ಕಂಜಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಫೆಬ್ರವರಿಯಲ್ಲಿ ಕರ್ನಾಟಕದ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಸಾಲ ಮನ್ನಾ ಆಗುವುದು ನೋಂದಣಿ ಇಲ್ಲದವರದ್ದು. ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಕಂಪನಿಯ ಸಾಲ ಹಾಗೇ ನಿಂತಿದೆ.

ಎಲ್ಲ ಸಂಘವೂ ಒಂದೇ ಎನ್ನುವುದು ವಿಮರ್ಶೆಯಲ್ಲ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಬೆಳೆಸಿದ ಸಂಘಗಳು ತಮ್ಮದೇ ಉಳಿತಾಯ ಕೂಡಿಸಿ, ಬಡ್ಡಿಯನ್ನು ತಾವೇ ಗೊತ್ತುಮಾಡಿ, ಬಂದ ಬಡ್ಡಿಯನ್ನು ಸಂಘದಲ್ಲೇ ಉಳಿಸಿಕೊಳ್ಳುತ್ತಿದ್ದವು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟದ್ದು ಇಂಥ ಅನುಭವದ ಮೇಲೆ. ಅಲ್ಲಿ ಹೆಂಗಸರು ಲೆಕ್ಕ ಬರೆಯುವವರು. ಕಂಪನಿಯ ಗುಂಪಿನಲ್ಲಿ ಅವರು ಬರೆಸಿಕೊಳ್ಳುವವರು. ವ್ಯತ್ಯಾಸ ಇರುವುದು ಇಲ್ಲಿ.

ಹುಣಸಮಾರನಹಳ್ಳಿಯ ಮೇಲೆ ಹಾದುಹೋಗುವ ಬಳ್ಳಾರಿ ರಸ್ತೆ ಈ ಕತೆಯ ಇನ್ನೊಂದು ಪುಟ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆಯ ಮಣ್ಣು ಅಡಿಗಳ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ದಲಿತರಿಗೆ ಮಂಜೂರಾದ ಭೂಮಿ ಕೈಬಿಡಬಾರದೆಂದು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂದಿದ್ದರೂ, ಎಷ್ಟೋ ತುಂಡುಗಳನ್ನು ಮರಳಿ ಪಡೆಯಲು ಕೋರ್ಟು ಕಚೇರಿ ಅಲೆಯಬೇಕಾಯಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಬೇಕಾಯಿತು. ಹೊಲ ಕಳಕೊಂಡ ಮನೆಯ ಹೆಂಗಸು ಅಪಾರ್ಟ್‌ಮೆಂಟಿನ ಕಸ ಗುಡಿಸಲು ಹೋದರೆ, ಅವಳ ಮುಂದೆ ಸಾಲದ ಅರ್ಜಿ ಹಿಡಿದು ‘ಉದ್ಯಮಿಯಾಗು’ ಅನ್ನುವುದು ಯಾವ ನ್ಯಾಯ? ಅರ್ಜಿ ಹಿಡಿದು ಬರುವ ಹುಡುಗನೂ ಎಷ್ಟೋ ಸಲ ನಮ್ಮವನೇ. ಬೈಕಿನ ಕಂತು, ತಿಂಗಳ ಟಾರ್ಗೆಟ್ಟು ಅವನ ಕುತ್ತಿಗೆಗೂ ಇದೆ. ಬೈಗುಳ ಅವನಿಗೆ ಸಲ್ಲುವುದಲ್ಲ.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಯ ಬಗ್ಗೆ ಬರೆದರು. ಕೆಲಸವಿಲ್ಲದೆ ಭೂಮಿಯ ಮೇಲೆ ಬಿದ್ದಿರುವ ಕೈಗಳಿಗೆ ಬೇರೆ ಉದ್ಯೋಗ ಬೇಕು, ಕೈಗಾರಿಕೆ ಬೇಕು ಎಂಬುದು ಅವರ ವಾದ. ರೋಗದ ಬೇರನ್ನು ಅವರು ಇಡೀ ಅರ್ಥವ್ಯವಸ್ಥೆಯಲ್ಲಿ ಹುಡುಕಿದರು. ಕಿರುಸಾಲದ ವರದಿ ಆ ಬೇರನ್ನು ಒಬ್ಬ ಹೆಂಗಸಿನ ‘ಜಾಣತನ’ದಲ್ಲಿ, ‘ಶಿಸ್ತಿ’ನಲ್ಲಿ ಹುಡುಕುತ್ತದೆ. ವ್ಯವಸ್ಥೆಯ ತಪ್ಪನ್ನು ಅವಳ ಪಾಸ್‌ಬುಕ್ಕಿಗೆ ಬರೆಯುವುದೇ ಇದರ ಹುನ್ನಾರ.

ಹಳ್ಳಿಯ ಮೇಷ್ಟ್ರುಗಳು, ಓದುವ ಹುಡುಗ ಹುಡುಗಿಯರು ಒಂದು ಕೆಲಸ ಮಾಡಬಹುದು. ಒಂದು ಸಂಜೆ ಕೇರಿಯ ಹೆಂಗಸರ ಜೊತೆ ಕೂತು ಅವರ ಕಂತಿನ ಕಾರ್ಡುಗಳನ್ನು ಗಟ್ಟಿಯಾಗಿ ಓದಿ. ಕೈಗೆ ಬಂದದ್ದೆಷ್ಟು, ಕಟ್ಟಿದ್ದೆಷ್ಟು, ಆ ದುಡ್ಡು ಹೋದದ್ದು ಹಸುವಿಗೋ, ಆಸ್ಪತ್ರೆಗೋ, ಹಳೇ ಸಾಲಕ್ಕೋ ಬರೆದಿಡಿ. ಆ ಲೆಕ್ಕ ಹಿಡಿದು ಕೇಳಬೇಕಾದ್ದು ಇನ್ನೊಂದು ಸಾಲವನ್ನಲ್ಲ. ಭೂಮಿಯನ್ನು, ಆಸ್ಪತ್ರೆಯನ್ನು, ವರ್ಷವಿಡೀ ಕೂಲಿಯನ್ನು. 2022ರಿಂದ ಪಟ್ಟು ಹಿಡಿದು ಕೂತ ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು 2025ರ ಜುಲೈನಲ್ಲಿ ಭೂಸ್ವಾಧೀನವನ್ನು ಕೈಬಿಡಿಸಿದರು. ಅದೇ ರಸ್ತೆಯ ಜನ. ಕೇಳಿದರೆ ಸಿಗುತ್ತದೆ, ಒಟ್ಟಾಗಿ ಕೇಳಬೇಕು.