ಮಿನುಗುವ ನೆಲ, ಕಾಣದ ಮೆಟ್ಟಿಲು

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಕಂಬಗಳನ್ನು ಎಣಿಸುತ್ತಾರೆ. ಒಂದರಂತೆ ಇನ್ನೊಂದಿಲ್ಲ ಎಂಬ ಮಾತು ನಿಜವೇ ಎಂದು ಪರೀಕ್ಷಿಸುತ್ತಾರೆ. ಫೋಟೊ ತೆಗೆದು ಹೊರಡುತ್ತಾರೆ. 1430ರಲ್ಲಿ ಕಟ್ಟಿದ ಈ ಬಸದಿಯ ಕುರಿತು ಬರೆಯುವವರೂ ಕೆತ್ತನೆ, ಅರಸು, ದಾನ ದತ್ತಿಗಳ ಬಗ್ಗೆಯೇ ಹೆಚ್ಚು ಬರೆಯುತ್ತಾರೆ. ಅಲ್ಲಿನ ಬೆಳಕಿನ ಬಗ್ಗೆ ಬರೆದವರು ಕಡಿಮೆ. ನನಗಾದರೋ ಆ ಕಟ್ಟಡದ ಬಹುದೊಡ್ಡ ಸಾಧನೆ ಅದರ ಮಂದ ಬೆಳಕೇ ಎನಿಸುತ್ತದೆ.

ಹೊರಗಿನ ಬಿಸಿಲಿನಿಂದ ಮಂಟಪದೊಳಗೆ ಕಾಲಿಟ್ಟಾಗ ಮೊದಲು ಏನೂ ಸರಿಯಾಗಿ ಕಾಣುವುದಿಲ್ಲ. ನಿಮಿಷಗಳು ಕಳೆದಂತೆ ಕಂಬದ ಅಂಚು, ಆಮೇಲೆ ಕೆತ್ತನೆ, ಕೊನೆಗೆ ತೀರಾ ಒಳಗೆ ದೀಪದ ಬೆಳಕಿನಲ್ಲಿ ಲೋಹದ ಚಂದ್ರನಾಥ ಕಾಣಿಸುತ್ತಾನೆ. ಗ್ರಾನೈಟ್ ಎಂಬುದು ಒಂದೇ ವಸ್ತುವಲ್ಲ. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕದ ಹರಳುಗಳು ಒತ್ತೊತ್ತಾಗಿ ಸೇರಿದ ಕಲ್ಲು. ಬೆಳಕು ಒಂದು ಹರಳಿನೊಳಗೆ ಹೊಕ್ಕಾಗ ಬಾಗುತ್ತದೆ, ಪಕ್ಕದ ಹರಳಿನಲ್ಲಿ ಇನ್ನೊಮ್ಮೆ ಬಾಗುತ್ತದೆ, ಒಂದಷ್ಟು ಒಳಗೇ ಇಂಗಿಹೋಗುತ್ತದೆ, ಉಳಿದದ್ದು ದಿಕ್ಕು ಮರೆತು ಎಲ್ಲ ಕಡೆಗೆ ಹೊರಬರುತ್ತದೆ. ಉಳಿಯ ಗುರುತಿರುವ ಮೈ ಇದ್ದರಂತೂ ಎಲ್ಲಿ ನಿಂತು ನೋಡಿದರೂ ಕಣ್ಣಿಗೆ ಚುಚ್ಚುವುದಿಲ್ಲ. ಹೀಗೆ ಬಿಸಿಲು ಬಿದ್ದ ಹೊರಗಿನ ಕಂಬ ಒಳಗಿನ ಕಂಬಕ್ಕೆ ದೀಪವಾಗುತ್ತದೆ, ಅದು ಅದರಾಚೆಯದಕ್ಕೆ.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ 11ನೇ ಶತಮಾನದ ಆರಂಭದಲ್ಲಿ ಬರೆದ 'ಕಿತಾಬುಲ್ ಮನಾಝಿರ್'ನಲ್ಲಿ ಬೆಳಕನ್ನು ಎರಡಾಗಿ ವಿಂಗಡಿಸಿದ್ದಾರೆ. ಸೂರ್ಯ, ಬೆಂಕಿಗಳದ್ದು ಸ್ವಂತ ಬೆಳಕು. ಆ ಬೆಳಕು ಬಿದ್ದ ಗೋಡೆ, ಕಲ್ಲು, ಮಣ್ಣು ಹೊರಸೂಸುವುದು ಆಕಸ್ಮಿಕ ಬೆಳಕು, ಅಂದರೆ ಪಡೆದು ಕೊಡುವ ಬೆಳಕು. (ನಮ್ಮ ಸಭೆಗಳಲ್ಲಿ ಈ ಹೆಸರು ಬರುವುದು ಹಳೆಯ ಹಿರಿಮೆ ಹೇಳಿಕೊಳ್ಳಲು ಮಾತ್ರ. ಆತ ಏನು ಹೇಳಿದರೆಂದು ಕೇಳುವವರಿಲ್ಲ.) ಈ ಎರಡನೆಯ ಬೆಳಕನ್ನು ನೆಚ್ಚಿಕೊಂಡೇ ಮೂಡುಬಿದಿರೆಯ ಶಿಲ್ಪಿಗಳು ಕಟ್ಟಿದರು.

ಅಲ್ಲಿಂದ ಸುಮಾರು 20 ಕಿಲೋಮೀಟರ್ ಆಚೆ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಅದೇ ಜಾತಿಯ ಕಲ್ಲು ಬಯಲಿನಲ್ಲಿ ನಿಂತಿದೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಸುಮಾರು 35 ಅಡಿಯ ಬಾಹುಬಲಿ. 2000, 2012, 2024ರಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಭಕ್ತರಿಗೆ ಅದು ಭಕ್ತಿಯ ವಿಷಯ. ಬೆಳಕಿನ ಪಾಠವಾಗಿಯೂ ಅದಕ್ಕೆ ಸಮನಾದುದನ್ನು ನಾನು ಕಾಣೆ. ನೀರು ಸುರಿದಾಗ ಬೂದು ಕಲ್ಲು ಕಪ್ಪಾಗುತ್ತದೆ. ಗಾಳಿ ತುಂಬಿದ ಸಣ್ಣ ಸಂದುಗಳಲ್ಲಿ ನೀರು ಸೇರಿದಾಗ ಬೆಳಕು ಅಲ್ಲಿಂದಲ್ಲಿಗೆ ಚೆದುರುವುದು ಕಡಿಮೆಯಾಗಿ, ಇನ್ನಷ್ಟು ಆಳಕ್ಕೆ ಇಳಿದು ಅಲ್ಲೇ ಕರಗುತ್ತದೆ. ಹಾಲು ಸುರಿದಾಗ ಇದಕ್ಕೆ ತದ್ವಿರುದ್ಧ: ಹಾಲಿನ ಕೊಬ್ಬಿನ ಹನಿಗಳೂ ಪ್ರೋಟೀನ್ ಕಣಗಳೂ ಬೆಳಕನ್ನು ಬಹುಮಟ್ಟಿಗೆ ಇಂಗಿಸಿಕೊಳ್ಳದೆ ಚದುರಿಸುತ್ತವೆ, ಮೂರ್ತಿ ಬೆಳ್ಳಗಾಗುತ್ತದೆ. ಅರಸಿನ ನೀಲಿಯನ್ನು ನುಂಗಿ ಹಳದಿಯನ್ನು ಬಿಟ್ಟುಕೊಡುತ್ತದೆ. ಕಲ್ಲು ಒಂದೇ, ಬಿಸಿಲು ಒಂದೇ.

ಮೂಡುಬಿದಿರೆಯ ರತ್ನದ ವಿಗ್ರಹಗಳ ಮಾತು ಇಲ್ಲಿ ಬರಲೇಬೇಕು, ಆದರೆ ಚುಟುಕಾಗಿ. ಸ್ಫಟಿಕ ತನ್ನೊಳಗೆ ಬೆಳಕನ್ನು ಬಾಗಿಸಿ ಹಾಯಗೊಡುತ್ತದೆ. ಮಾಣಿಕ್ಯಕ್ಕೆ ಕೆಂಪು ಬರುವುದು ಲೇಶಮಾತ್ರ ಕ್ರೋಮಿಯಂನಿಂದ, ಪಚ್ಚೆಗೆ ಹಸಿರು ಬರುವುದೂ ಸಾಮಾನ್ಯವಾಗಿ ಅದೇ ಕ್ರೋಮಿಯಂನಿಂದ. ಸೇರಿದ ಹರಳು ಬೇರೆಯಾದಾಗ ಅದೇ ಧಾತು ನುಂಗುವ ಬಣ್ಣವೂ ಬೇರೆ. 1933ರಲ್ಲಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ ಬಾಳಿನ ಕೊನೆಯ ದಶಕಗಳಲ್ಲೂ ಹರಳುಗಳ ಬೆನ್ನು ಬಿಡಲಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ಬಸದಿಯಲ್ಲ, ನಮ್ಮ ಮನೆಗಳು. ಬಂಟ್ವಾಳದ ಕಡೆಯ ನಮ್ಮ ಮನೆ ಮುರಕಲ್ಲಿನ ಗೋಡೆಯದ್ದು, ಮಂಗಳೂರು ಹಂಚಿನದ್ದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹಂಚು ಈ ಮೂರೂ ಕಡೆಗಳಲ್ಲಿ ಬಡವ ಬಲ್ಲಿದರ ಮನೆಗಳ ಮೇಲೇರಿತು. ನೂರಾರು ಕೆಂಪು ಹಂಚುಗಳ ನಡುವೆ ಒಂದೋ ಎರಡೋ ಗಾಜಿನ ಹಂಚು. ಅದರಿಂದ ಇಳಿದ ಬಿಸಿಲ ಕೋಲು ಒಲೆಯ ಹೊಗೆಯಲ್ಲಿ ಎದ್ದು ಕಾಣುತ್ತಿತ್ತು, ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತಿತ್ತು. ಹಂಚಿನ ಸಂದಿನಿಂದ ಬಿದ್ದ ಚುಕ್ಕೆಗಳಂತೂ ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರ ಗ್ರಹಣದ ಬೆಳಗ್ಗೆ ಕೊಟ್ಟಿಗೆಯ ನೆಲದ ತುಂಬ ಅವು ಕುಡುಗೋಲುಗಳಾಗಿ ಬಿದ್ದದ್ದನ್ನು ಮಕ್ಕಳಿಗೆ ತೋರಿಸಿದ್ದೇನೆ. ಇಬ್ನುಲ್ ಹೈಸಮ್ ಗ್ರಹಣದ ಆಕಾರದ ಬಗ್ಗೆ ಒಂದು ಪ್ರಬಂಧವನ್ನೇ ಬರೆದಿದ್ದಾರೆ.

ಹಾಗೆಂದು ಹಳೆಯದೆಲ್ಲ ಚಂದವಿತ್ತು ಎಂದು ಹೇಳಲು ಹೊರಟವನಲ್ಲ. ಮನೆಯ ಅತ್ಯಂತ ಕತ್ತಲೆಯ ಜಾಗ ಅಡುಗೆಮನೆ. ಅಲ್ಲಿನ ಮಸಿ ಬೆಳಕನ್ನೆಲ್ಲ ನುಂಗುತ್ತಿತ್ತು, ಹೊಗೆ ಹೆಂಗಸರ ಕಣ್ಣು ಮತ್ತು ಎದೆಗೆ ಹೋಗುತ್ತಿತ್ತು. ಜಗಲಿಯಲ್ಲಿ ಕುಳಿತ ಗಂಡಸರು ಮಂದ ಬೆಳಕಿನ ತಂಪನ್ನು ಹೊಗಳುವುದು ಸುಲಭ. ಬೆಳಕು ಬೇಕು ಎಂದು ಉಮ್ಮ ಹೇಳಿದಾಗ ಅದು ನ್ಯಾಯವಾದ ಬೇಡಿಕೆಯೇ ಆಗಿತ್ತು.

ನಾವು ಕೊಟ್ಟದ್ದೇನು? ಆರು ವರ್ಷಗಳ ಹಿಂದೆ ಮನೆ ರಿಪೇರಿ ಮಾಡಿಸಿದೆವು. ಹಂಚಿನ ಕೆಳಗೆ ಸೀಲಿಂಗ್, ಗಾಜಿನ ಹಂಚು ಮಾಯ. ಹಜಾರಕ್ಕೆ ಕಪ್ಪು ಗ್ರಾನೈಟ್, ಅಡುಗೆಮನೆಗೆ ವಿಟ್ರಿಫೈಡ್ ಟೈಲ್ಸ್, ಎಲ್ಲ ಕಡೆ ನೀಲಿ ಮಿಶ್ರಿತ ಬಿಳಿಯ ಎಲ್‌ಇಡಿ. ಆರಿಸಿದವನು ನಾನೇ. ಅಂಗಡಿಯಲ್ಲಿ ಕಲ್ಲಿನ ಮೇಲೆ ಕೈಯಾಡಿಸಿ 'ಕನ್ನಡಿಯ ಹಾಗಿದೆ' ಎಂದು ಸಂತೋಷಪಟ್ಟವನೂ ನಾನೇ. ಪಾಲಿಶ್ ಮಾಡಿದ ಗ್ರಾನೈಟ್ ಎಂದರೆ ಎಂದೂ ಒಣಗದ ಒದ್ದೆ ಕಲ್ಲು ಎಂಬುದು, ವೇಣೂರನ್ನು ಕಂಡಿದ್ದ ನನಗೆ ಆಗ ಹೊಳೆಯಲಿಲ್ಲ.

ಎರಡು ತಿಂಗಳಲ್ಲಿ ಉಮ್ಮ ಹಜಾರದ ಮೆಟ್ಟಿಲಲ್ಲಿ ಬಿದ್ದರು. ಮಣಿಕಟ್ಟು ಮುರಿಯಿತು. 'ಮೆಟ್ಟಿಲೇ ಕಾಣಲಿಲ್ಲ, ನೀರು ನಿಂತ ಹಾಗಿತ್ತು' ಎಂದರು. ವಯಸ್ಸಾಯಿತು ಎಂದು ನಾವು ಸುಮ್ಮನಾದೆವು. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ನಯವಾದ ಕಲ್ಲನ್ನು ನೇರ ಮೇಲಿನಿಂದ ನೋಡಿದರೆ ಅದು ಕನ್ನಡಿಯಂತೆ ಹಿಂದಿರುಗಿಸುವುದು ಬೆಳಕಿನ ನೂರರಲ್ಲಿ ನಾಲ್ಕೈದು ಪಾಲು. ನೋಟ ನೆಲಕ್ಕೆ 20 ಡಿಗ್ರಿಯಷ್ಟು ಓರೆಯಾದಾಗ ಅದು 17ರ ಆಸುಪಾಸು, 10 ಡಿಗ್ರಿಯಾದಾಗ 40ರ ಹತ್ತಿರ. ಕಪ್ಪು ಕಲ್ಲು ತನ್ನದಾಗಿ ಹೊರಗೆ ಕೊಡುವ ಬೆಳಕು ಅತ್ಯಲ್ಪ. ಆದ್ದರಿಂದ ಬೆನ್ನು ಬಾಗಿದ ಮುದುಕಿ ಹಜಾರದ ಉದ್ದಕ್ಕೂ ಬಾಗಿಲ ಕಡೆ ನೋಡಿದರೆ ಕಾಣುವುದು ನೆಲವಲ್ಲ, ನೆಲದಲ್ಲಿ ಬಿದ್ದ ಬಾಗಿಲ ಬಿಸಿಲು. ಮೇಲೆಯೂ ಅದೇ ಕಲ್ಲು, ಕೆಳಗೆಯೂ ಅದೇ ಕಲ್ಲು. ನಡುವಿನ ಅಂಚಿಗೆ ಗುರುತಿಲ್ಲ.

ಇನ್ನೊಂದು ವಸ್ತುವನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಉಮ್ಮನ ಕಣ್ಣಿನ ಮಸೂರ. ಎಳೆಯ ಕಣ್ಣಿನಲ್ಲಿ ಅದರ ಪ್ರೋಟೀನುಗಳು ಒತ್ತಾಗಿ, ಸಮನಾಗಿ ಸೇರಿಕೊಂಡಿರುವುದರಿಂದ ಅದು ಗಾಜಿನ ಹಾಗೆ ತಿಳಿ. ಪೊರೆ ಬಂದಾಗ ಅವು ಗಂಟುಕಟ್ಟುತ್ತವೆ, ಹಾಲಿನ ಕಣಗಳಂತೆ ಬೆಳಕನ್ನು ಚದುರಿಸುತ್ತವೆ. ಅಂಥ ಕಣ್ಣಿಗೆ ಎದುರಿನಿಂದ ಬೀಳುವ ಪ್ರತಿ ಪ್ರಖರ ಬೆಳಕೂ ಒಂದು ಬಿಳಿಯ ಪರದೆ. ನಾವು ಮನೆ ತುಂಬ ಅದನ್ನೇ ಹಾಸಿದ್ದೆವು. ಮರುವರ್ಷ ಶಸ್ತ್ರಚಿಕಿತ್ಸೆಯಾಯಿತು, ಈಗ ದೃಷ್ಟಿ ಪರವಾಗಿಲ್ಲ. ಆದರೆ ಊರಲ್ಲಿ ಪೊರೆ ತುಂಬಿದ ಕಣ್ಣುಗಳು ಇನ್ನೆಷ್ಟಿಲ್ಲ?

ಇದು ಒಂದು ಮನೆಯ ಕತೆಯಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯ ತನಕ ರಸ್ತೆಯ ಎರಡೂ ಬದಿ ನೋಡಿ. ಗಲ್ಫ್ ದುಡ್ಡಿನ ಮನೆ, ಅಡಿಕೆ ದುಡ್ಡಿನ ಮನೆ, ಕಲ್ಯಾಣ ಮಂಟಪ, ಜೀರ್ಣೋದ್ಧಾರಗೊಂಡ ಪ್ರಾರ್ಥನಾಲಯಗಳು, ಯಾವ ಜಾತಿ ಧರ್ಮದ್ದೇ ಇರಲಿ, ನೆಲದ ವಿಷಯದಲ್ಲಿ ಎಲ್ಲರೂ ಏಕಾಭಿಪ್ರಾಯಕ್ಕೆ ಬಂದಿದ್ದಾರೆ. ಕೈಕಾಲು ತೊಳೆದು ಒದ್ದೆಗಾಲಲ್ಲಿ ಬರುವ ಜಾಗಕ್ಕೂ ಜಾರುವ ಕಲ್ಲೇ ಬೇಕು. ಮುರಕಲ್ಲಿನ ಕೆಂಪು ಕಾಣಬೇಕಾದರೆ ದೀಪದಲ್ಲಿ ಕೆಂಪು ಇರಬೇಕು. ಕಲ್ಲು ತನ್ನಲ್ಲಿಲ್ಲದ ಬಣ್ಣವನ್ನು ಸೃಷ್ಟಿಸಲಾರದು, ಬಿದ್ದದ್ದರಲ್ಲಿ ಆರಿಸಿ ಕೊಡುತ್ತದೆ ಅಷ್ಟೆ. ನೀಲಿ ಬಿಳುಪಿನ ಫ್ಲಡ್‌ಲೈಟ್ ಬಿಟ್ಟು ಹಳೆಯ ಗೋಡೆಯನ್ನು ಸಪ್ಪೆ ಮಾಡಿ, ಆಮೇಲೆ ಅದು ಸಪ್ಪೆಯಾಗಿದೆ ಎಂದು ಪೈಂಟ್ ಹೊಡೆಯುವ ಉಮೇದಿಗೆ ಏನೆನ್ನಬೇಕು?

ದುಡ್ಡಿನ ಪ್ರಶ್ನೆಯೂ ಇದಲ್ಲ. ಒರಟು ಮೈಯ ಕಲ್ಲು, ಮಂದ ಹೊಳಪಿನ ಟೈಲ್ಸ್, ಹಳದಿ ಛಾಯೆಯ ಎಲ್‌ಇಡಿ ಅದೇ ಅಂಗಡಿಗಳಲ್ಲಿ ಸಿಗುತ್ತವೆ. ಗೃಹಪ್ರವೇಶಕ್ಕೆ ಬಂದವರು ಮಾತ್ರ ಅದನ್ನು ಹೊಗಳುವುದಿಲ್ಲ.

ನಮ್ಮ ಮೆಟ್ಟಿಲ ಅಂಚಿಗೆ ಈಗ ಮುರಕಲ್ಲಿನ ಬಣ್ಣದ ಒರಟು ಪಟ್ಟಿ ಅಂಟಿಸಿದ್ದೇವೆ. ಸೀಲಿಂಗ್ ಹಾಗೆಯೇ ಇದೆ. ಉಮ್ಮ ಅಕ್ಕಿಯ ಕಲ್ಲು ಆರಿಸಲು ಮಾತ್ರ ಗೆರಸೆ ಹಿಡಿದುಕೊಂಡು ಹಿತ್ತಿಲ ಕೊಟ್ಟಿಗೆಗೆ ಹೋಗುತ್ತಾರೆ. ಅಲ್ಲಿನ ಗಾಜಿನ ಹಂಚನ್ನು ಯಾರೂ ತೆಗೆದಿಲ್ಲ.